10 ಆಂಪಿಯರ್ ಎಂದು ಅಚ್ಚಾಗಿರುವ ರಿಲೇ ಮೂರೂವರೆ ಆಂಪಿಯರ್ ಪಂಪಿಗೇ ಅಂಟಿಕೊಂಡದ್ದು ಏಕೆ?

ಪ್ರಶ್ನೆ

ನಮಸ್ಕಾರ. ಮೇಲಿನ ತೊಟ್ಟಿಯ ನೀರಿನ ಮಟ್ಟವನ್ನು ಗಮನಿಸಿ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಪಂಪನ್ನು ತಾನಾಗಿಯೇ ನಡೆಸುವ ಮತ್ತು ನಿಲ್ಲಿಸುವ ಒಂದು ಸರ್ಕ್ಯೂಟನ್ನು ನಾನು ಕಟ್ಟಿಕೊಂಡಿದ್ದೇನೆ. 3.3 ವೋಲ್ಟಿನ ಮೈಕ್ರೋಕಂಟ್ರೋಲರಿನ ಒಂದು ಪಿನ್, 4.7 ಕಿಲೋಓಮ್ ರೆಸಿಸ್ಟರಿನ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ ಹೋಗುತ್ತದೆ. ಅದರ ಕಲೆಕ್ಟರ್ 5 ವೋಲ್ಟಿನ ರಿಲೇಯ ಕಾಯಿಲನ್ನು (ವಿದ್ಯುತ್ಕಾಂತದ ತಂತಿಸುರುಳಿಯನ್ನು) ನಡೆಸುತ್ತದೆ. ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇದೆ. ರಿಲೇ ಎಲ್ಲೆಡೆ ಕಾಣಸಿಗುವ, ಸಕ್ಕರೆ ಅಚ್ಚಿನಷ್ಟು ಚಿಕ್ಕದಾದ ನೀಲಿ ಬಣ್ಣದ್ದು. ಅದರ ನೆತ್ತಿಯ ಮೇಲೆ 250 ವೋಲ್ಟ್ ಎಸಿಯಲ್ಲಿ 10 ಆಂಪಿಯರ್, 30 ವೋಲ್ಟ್ ಡಿಸಿಯಲ್ಲಿ 10 ಆಂಪಿಯರ್ ಎಂದು ಅಚ್ಚಾಗಿದೆ. ಪಂಪ್ ಓಡುವಾಗ ಕ್ಲ್ಯಾಂಪ್ ಮೀಟರಿನಲ್ಲಿ 3.5 ಆಂಪಿಯರ್ ಕಾಣಿಸುತ್ತದೆ. ಮೂರು ಪಟ್ಟು ಹೆಚ್ಚು ಸಾಮರ್ಥ್ಯದ ರಿಲೇ ಇರುವಾಗ ಚಿಂತೆಯೇನೂ ಇಲ್ಲವೆಂದು ತಿಳಿದಿದ್ದೆ.

ಎರಡು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ತೊಟ್ಟಿ ತುಂಬಿ ನೀರು ಹರಿಯುತ್ತಿದ್ದರೂ ಪಂಪ್ ನಿಂತಿರಲಿಲ್ಲ. ಪಿನ್ನಿನಲ್ಲಿ ಸೊನ್ನೆ ವೋಲ್ಟ್ ಇತ್ತು, ಸೂಚಕ ಎಲ್‌ಇಡಿ ಆರಿತ್ತು, ಕಾಯಿಲಿನ ಎರಡು ತುದಿಗಳ ನಡುವೆಯೂ ವೋಲ್ಟೇಜ್ ಇರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇಯ ತಲೆಗೆ ಮೆಲ್ಲಗೆ ತಟ್ಟಿದಾಗ ‘ಟಕ್’ ಎಂಬ ಸದ್ದಿನೊಂದಿಗೆ ಪಂಪ್ ನಿಂತಿತು. ಮುಂದಿನ ವಾರದಲ್ಲಿ ಇದೇ ಮತ್ತೆ ಎರಡು ಸಲ ಆಯಿತು.

ಇದರ ಜೊತೆಗೆ ಇನ್ನೆರಡು ತೊಂದರೆಗಳಿವೆ. ಬಿಸಿಲೇರಿದ ಮಧ್ಯಾಹ್ನಗಳಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ರಿಲೇ ಕೆಲವೊಮ್ಮೆ ಎಳೆಯುವುದೇ ಇಲ್ಲ, ಅಂದರೆ ಒಳಗಿನ ಸ್ವಿಚ್ಚನ್ನು ಮುಚ್ಚುವುದಿಲ್ಲ. ಅದೇ ಸರ್ಕ್ಯೂಟ್ ಸಂಜೆ ಸರಿಯಾಗಿ ಕೆಲಸ ಮಾಡುತ್ತದೆ. ಮೂರನೆಯದಾಗಿ, ಪಂಪ್ ನಿಲ್ಲುವ ಕ್ಷಣದಲ್ಲಿ ಹತ್ತಕ್ಕೆ ಒಂದೆರಡು ಸಲ ಮೈಕ್ರೋಕಂಟ್ರೋಲರ್ ತಾನಾಗಿಯೇ ಮರುಪ್ರಾರಂಭವಾಗುತ್ತದೆ. ರಿಲೇಯೇ ಕಳಪೆಯೇ, ನನ್ನ ಸರ್ಕ್ಯೂಟಿನಲ್ಲಿ ತಪ್ಪಿದೆಯೇ, ಅಥವಾ ರಿಲೇಯನ್ನೇ ಬಿಟ್ಟು, ಚಲಿಸುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇ ಹಾಕಬೇಕೇ? ಸುಮ್ಮನೆ ಭಾಗ ಬದಲಿಸುವುದಕ್ಕಿಂತ ಕಾರಣವನ್ನು ತಿಳಿಯುವ ಆಸೆ ನನಗಿದೆ. ದಯವಿಟ್ಟು ವಿವರವಾಗಿ ತಿಳಿಸಿಕೊಡಿ.

ಉತ್ತರ 1

ನಿಮ್ಮ ಎರಡನೆಯ ತೊಂದರೆ ಪೂರ್ತಿಯಾಗಿ ಕಾಯಿಲಿನ ಕಡೆಯದು. ಅದನ್ನು ನಾನು ವಿವರಿಸುತ್ತೇನೆ. ಕಾಂಟ್ಯಾಕ್ಟುಗಳ, ಅಂದರೆ ಒಳಗಿನ ಸ್ವಿಚ್ಚಿನ ಗುಂಡಿಗಳ, ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ರಿಲೇಯನ್ನು ಒಂದೇ ಸಾಧನವೆಂದು ನೋಡಬಾರದು. ಒಂದೇ ಡಬ್ಬಿಯೊಳಗೆ ಕುಳಿತಿರುವ, ಪರಸ್ಪರ ವಿದ್ಯುತ್ ಸಂಬಂಧವೇ ಇಲ್ಲದ ಎರಡು ಭಾಗಗಳು ಅಲ್ಲಿವೆ: ಒಂದು ವಿದ್ಯುತ್ಕಾಂತ, ಇನ್ನೊಂದು ಸ್ವಿಚ್ಚು. 1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ಇಂಥ ಸಾಧನವನ್ನು ರೂಪಿಸಿದಾಗ ಇದ್ದ ಉದ್ದೇಶವೂ ಇದೇ. ದೂರದ ತಂತಿಯಲ್ಲಿ ಸೊರಗಿ ಬಂದ ಪ್ರವಾಹ ತಾನು ಕೆಲಸ ಮಾಡಲಾರದಿದ್ದರೂ, ಹೊಸ ಬ್ಯಾಟರಿಯ ಪ್ರವಾಹಕ್ಕೆ ದಾರಿ ತೆರೆಯಬಲ್ಲದು. ದಣಿದ ಕುದುರೆಯನ್ನು ಬಿಟ್ಟು ಹೊಸ ಕುದುರೆಯನ್ನು ಹೂಡುವ ಅಂಚೆಯ ಪದ್ಧತಿಯಿಂದಲೇ ರಿಲೇ ಎಂಬ ಹೆಸರೂ ಬಂದಿದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವು ಹೇಳುವ ಬಗೆಯ 5 ವೋಲ್ಟ್ ರಿಲೇಯ ಕಾಯಿಲು ಸಾಮಾನ್ಯವಾಗಿ 70 ಓಮ್ ಇರುತ್ತದೆ. ಅಂದರೆ ಅದಕ್ಕೆ ಸುಮಾರು 71 ಮಿಲಿಆಂಪಿಯರ್ ಬೇಕು. ನಿಮ್ಮ ಬೇಸಿಗೆ ಸಿಗುತ್ತಿರುವುದು ಎಷ್ಟು? 3.3 ವೋಲ್ಟಿನಲ್ಲಿ ಬೇಸ್ ಮತ್ತು ಎಮಿಟರುಗಳ ನಡುವೆ 0.7 ವೋಲ್ಟ್ ಕಳೆದರೆ ಉಳಿಯುವುದು 2.6 ವೋಲ್ಟ್, ಅದನ್ನು 4.7 ಕಿಲೋಓಮಿನಿಂದ ಭಾಗಿಸಿದರೆ 0.55 ಮಿಲಿಆಂಪಿಯರ್. ಟ್ರಾನ್ಸಿಸ್ಟರ್ 130 ಪಟ್ಟು ವರ್ಧಿಸಿದರೆ ಮಾತ್ರ ಕಾಯಿಲಿಗೆ ಬೇಕಾದ ಪ್ರವಾಹ ಹರಿಯುತ್ತದೆ. ಡೇಟಾಶೀಟಿನ (ತಯಾರಕರ ವಿವರಪತ್ರದ) ಮೊದಲ ಪುಟದಲ್ಲಿರುವ ವರ್ಧನೆಯ ಸಂಖ್ಯೆಯನ್ನು ನೋಡಿ ಇದು ಸಾಕೆಂದು ಅನಿಸಬಹುದು. ಆದರೆ ಆ ಸಂಖ್ಯೆ ಕೆಲವೇ ಮಿಲಿಆಂಪಿಯರ್ ಹರಿಯುವಾಗಿನದು. ಪ್ರವಾಹ 70 ಮಿಲಿಆಂಪಿಯರ್ ತಲುಪುವಾಗ ವರ್ಧನೆ ಕುಸಿದಿರುತ್ತದೆ. ಹೀಗಾಗಿ ನಿಮ್ಮ ಟ್ರಾನ್ಸಿಸ್ಟರ್ ಸ್ವಿಚ್ಚಿನಂತೆ ಪೂರ್ತಿ ತೆರೆದುಕೊಳ್ಳುತ್ತಿಲ್ಲ. ಅರ್ಧ ತಿರುಗಿಸಿದ ನಲ್ಲಿಯಂತೆ ನಿಂತು, ಒಂದು ವೋಲ್ಟಿನಷ್ಟನ್ನು ತಾನೇ ತಿಂದು, ಕಾಯಿಲಿಗೆ 4 ವೋಲ್ಟಿನ ಆಸುಪಾಸು ಮಾತ್ರ ಬಿಡುತ್ತಿರಬೇಕು.

ಹಾಗಾದರೆ ಸಂಜೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಸಹಜವಾದ ಪ್ರಶ್ನೆ. ಇಂಥ ರಿಲೇಗಳು ಹೆಸರಿಸಿದ ವೋಲ್ಟೇಜಿನ ಶೇಕಡಾ 75ರಷ್ಟು ಸಿಕ್ಕರೆ ಎಳೆಯುತ್ತವೆಂದು ತಯಾರಕರು ಭರವಸೆ ಕೊಡುತ್ತಾರೆ. 5 ವೋಲ್ಟಿನದಕ್ಕೆ ಅದು 3.75 ವೋಲ್ಟ್. ಆದರೆ ಈ ಭರವಸೆ ಕಾಯಿಲಿನ ಉಷ್ಣತೆ 20 ಡಿಗ್ರಿಯ ಸುತ್ತ ಇರುವಾಗಿನದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಂತೆ ಏರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ, ಅದೂ ಈಗಷ್ಟೇ ಓಡಿ ನಿಂತ ರಿಲೇಯ ಕಾಯಿಲು 70 ಡಿಗ್ರಿ ತಲುಪಿದ್ದರೆ ಅದರ ರೋಧ 84 ಓಮಿನ ಹತ್ತಿರ ಬಂದಿರುತ್ತದೆ. ಎಳೆಯಲು ಬೇಕಾದದ್ದು ಪ್ರವಾಹವೇ ಹೊರತು ವೋಲ್ಟೇಜ್ ಅಲ್ಲವಾದ್ದರಿಂದ, ಅದೇ ಬಲಕ್ಕೆ ಈಗ 4.5 ವೋಲ್ಟ್ ಬೇಕಾಗುತ್ತದೆ. ನೀವು ಕೊಡುತ್ತಿರುವುದು 4. ಸಂಜೆ ತಂಪಾದ ಮೇಲೆ ಅದೇ 4 ವೋಲ್ಟ್ ಮತ್ತೆ ಸಾಕಾಗುತ್ತದೆ. ನಿಮ್ಮ ಎರಡನೆಯ ತೊಂದರೆಯ ಗುಟ್ಟು ಇಷ್ಟೇ.

ಬಿಸಿ547ರ ಮಿತಿಯೇ 100 ಮಿಲಿಆಂಪಿಯರ್. ಅದನ್ನು ಈ ಕೆಲಸಕ್ಕೆ ಬಳಸುವುದು ನನಗೆ ಹಿಡಿಸುವುದಿಲ್ಲ. ಬಿಸಿ337 ಅಥವಾ 2ಎನ್2222 ಹಾಕಿ, ಬೇಸಿಗೆ 680 ಓಮ್ ಇಡಿ. ಆಗ ಬೇಸಿನಲ್ಲಿ 3.8 ಮಿಲಿಆಂಪಿಯರ್ ಹರಿಯುತ್ತದೆ, ಅಂದರೆ ಕಲೆಕ್ಟರ್ ಪ್ರವಾಹದ ಹದಿನೆಂಟರಲ್ಲಿ ಒಂದು ಪಾಲು. ಟ್ರಾನ್ಸಿಸ್ಟರಿನ ಮೇಲೆ ಉಳಿಯುವುದು 0.2 ವೋಲ್ಟಿನೊಳಗೆ. ಬೇಸಿನಿಂದ ಗ್ರೌಂಡಿಗೆ ಒಂದು 10 ಕಿಲೋಓಮ್ ಕೂಡ ಇರಲಿ. ಮೈಕ್ರೋಕಂಟ್ರೋಲರ್ ಇನ್ನೂ ಎಚ್ಚರಗೊಳ್ಳುತ್ತಿರುವಾಗ ಪಿನ್ ಅತಂತ್ರವಾಗಿರುತ್ತದೆ, ಆ ಹೊತ್ತಿನಲ್ಲಿ ರಿಲೇ ಎಳೆಯಬಾರದು. ಅನೇಕರು ಶಿಫಾರಸು ಮಾಡುವ ಯುಎಲ್‌ಎನ್2003 ಬಗ್ಗೆಯೂ ಒಂದು ಎಚ್ಚರಿಕೆ: ಅದು ಡಾರ್ಲಿಂಗ್‌ಟನ್ ಜೋಡಣೆಯ (ಎರಡು ಟ್ರಾನ್ಸಿಸ್ಟರುಗಳನ್ನು ಒಂದರ ಹಿಂದೊಂದು ಕಟ್ಟಿದ) ಐಸಿಯಾದ್ದರಿಂದ ತನ್ನಲ್ಲೇ ಒಂದು ವೋಲ್ಟಿನಷ್ಟು ಇಟ್ಟುಕೊಳ್ಳುತ್ತದೆ. 12 ವೋಲ್ಟಿನ ರಿಲೇಗೆ ಅದರಿಂದ ನಷ್ಟವಿಲ್ಲ. 5 ವೋಲ್ಟಿನ ರಿಲೇಗೆ ಹಾಕಿದರೆ ನೀವು ಈಗಿರುವ ಜಾಗಕ್ಕೇ ಮರಳಿ ಬರುತ್ತೀರಿ.

ಡಯೋಡ್ ಹಾಕಿರುವುದು ಸರಿಯಾಗಿದೆ. ಅದರ ಪಟ್ಟಿ ಇರುವ ತುದಿ 5 ವೋಲ್ಟಿನ ಕಡೆಗೇ ಇದೆಯೆಂದು ಭಾವಿಸುತ್ತೇನೆ.

ಉತ್ತರ 2

ಮೇಲಿನ ಉತ್ತರದ ಲೆಕ್ಕವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ; ಡಯೋಡಿನ ಮಾತಿಗೆ ಮಾತ್ರ ಕೊನೆಯಲ್ಲಿ ಒಂದು ತಿದ್ದುಪಡಿ ಇದೆ. ನಾನು ಬಹಳ ವರ್ಷಗಳಿಂದ ಕಂಟ್ರೋಲ್ ಬೋರ್ಡುಗಳನ್ನು ರಿಪೇರಿ ಮಾಡುತ್ತಿದ್ದೇನೆ. ರಿಪೇರಿಗೆ ಬರುವ ಬೋರ್ಡುಗಳಲ್ಲಿ ಕಾಯಿಲು ಸುಟ್ಟ ರಿಲೇಯನ್ನು ನಾನು ನೋಡುವುದು ಅಪರೂಪ. ಕಾಂಟ್ಯಾಕ್ಟ್ ಬೆಸೆದುಕೊಂಡದ್ದು, ಇಲ್ಲವೇ ಸುಟ್ಟು ಕರಿಕಟ್ಟಿದ್ದು ಮೇಲಿಂದ ಮೇಲೆ ಬರುತ್ತದೆ.

ನೆತ್ತಿಯ ಮೇಲಿನ 10 ಆಂಪಿಯರ್ ಸುಳ್ಳಲ್ಲ, ಆದರೆ ಅದು ಒಂದೇ ಬಗೆಯ ಲೋಡಿಗೆ ಸಲ್ಲುವ ಮಾತು. ಹೀಟರಿನಂಥ ಶುದ್ಧ ರೋಧದ ಲೋಡ್ ಆಗಿದ್ದರೆ, ಮುಚ್ಚುವಾಗಲೂ ಓಡುವಾಗಲೂ ತೆರೆಯುವಾಗಲೂ ಪ್ರವಾಹ ಒಂದೇ ಇದ್ದರೆ, ಸುಮಾರು ಒಂದು ಲಕ್ಷ ಬಾರಿ ಅದನ್ನು ತಾಳಬಲ್ಲೆ ಎಂಬುದು ಅದರ ಅರ್ಥ. ಲೋಡೇ ಇಲ್ಲದೆ ಬರಿದೆ ಟಕಟಕ ಎನ್ನಿಸಿದರೆ ಇದೇ ರಿಲೇ ಒಂದು ಕೋಟಿ ಬಾರಿ ಆಡುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ನೂರು ಪಟ್ಟಿನ ಅಂತರವನ್ನು ತಿಂದುಹಾಕುವುದು ಕಾಂಟ್ಯಾಕ್ಟುಗಳ ನಡುವೆ ಹುಟ್ಟುವ ಕಿಡಿ.

ನಿಮ್ಮ ಪಂಪ್ ಓಡುವಾಗ 3.5 ಆಂಪಿಯರ್ ಎಳೆಯುತ್ತದೆ ಎಂಬುದು ನಿಜ. ಆದರೆ ನಿಂತ ಮೋಟಾರು ಹೊರಡುವ ಕ್ಷಣದಲ್ಲಿ ಐದರಿಂದ ಎಂಟು ಪಟ್ಟು ಎಳೆಯುತ್ತದೆ. ಅಂದರೆ 17ರಿಂದ 28 ಆಂಪಿಯರ್. ಸಾಧಾರಣ ಕ್ಲ್ಯಾಂಪ್ ಮೀಟರಿಗೆ ಅದು ಕಾಣಿಸುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಈಗ ರಿಲೇ ಮುಚ್ಚುವ ಬಗೆಯನ್ನು ಕಣ್ಣೆದುರು ತಂದುಕೊಳ್ಳಿ. ಸ್ಪ್ರಿಂಗಿನ ತುದಿಯಲ್ಲಿರುವ ಬೆಳ್ಳಿಯ ಗುಂಡಿ ಎದುರಿನ ಗುಂಡಿಗೆ ಬಡಿದು ಒಮ್ಮೆಗೇ ನಿಲ್ಲುವುದಿಲ್ಲ. ಕಲ್ಲಿನ ಮೇಲೆ ಬಿದ್ದ ಗೋಲಿಯಂತೆ ಒಂದೆರಡು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತದೆ. ಪ್ರತಿ ಪುಟಿತದಲ್ಲೂ ಗುಂಡಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ಆ ಸಂದಿನಲ್ಲಿ 20 ಆಂಪಿಯರಿನ ಕಿಡಿ ಹೊತ್ತಿ, ಬೆಳ್ಳಿಯ ಮೇಲ್ಮೈ ಕರಗುತ್ತದೆ. ಪುಟಿತ ಮುಗಿದಾಗ ಕರಗಿದ ಎರಡು ಮೇಲ್ಮೈಗಳು ಒತ್ತಿಕೊಂಡು ಕುಳಿತು, ಅಲ್ಲೇ ಆರಿ ಗಟ್ಟಿಯಾಗುತ್ತವೆ. ಹೊಸ ರಿಲೇಯಲ್ಲಿ ಮರಳಿ ಎಳೆಯುವ ಸ್ಪ್ರಿಂಗಿಗೆ ಆ ಸಣ್ಣ ಬೆಸುಗೆಯನ್ನು ಕೀಳುವ ಶಕ್ತಿ ಇರುತ್ತದೆ. ದಿನ ಕಳೆದಂತೆ ಮೇಲ್ಮೈ ಹಳ್ಳದಿಣ್ಣೆಯಾಗಿ, ಬೆಸುಗೆ ಹೆಚ್ಚು ಗಟ್ಟಿಯಾಗಿ, ಒಂದು ದಿನ ಸ್ಪ್ರಿಂಗ್ ಸೋಲುತ್ತದೆ. ನೀವು ತಟ್ಟಿದಾಗ ಬಿಟ್ಟುಕೊಂಡದ್ದು ಆ ಬೆಸುಗೆಯೇ. ತಟ್ಟಿದರೆ ಬಿಡುವ ರಿಲೇ ಸರಿಹೋಯಿತೆಂದು ಎಂದೂ ತಿಳಿಯಬೇಡಿ. ಒಮ್ಮೆ ಬೆಸೆದ ಕಾಂಟ್ಯಾಕ್ಟ್ ಮತ್ತೆ ಬೆಸೆಯುತ್ತದೆ. ಅದನ್ನು ಇಂದೇ ಕಿತ್ತುಹಾಕಿ.

ನಿಮ್ಮ ಕಾಯಿಲಿನ ಕೊರತೆಯೂ ಇದಕ್ಕೆ ಗಾಳಿ ಊದಿದೆ. ಅರೆಬರೆ ವೋಲ್ಟೇಜಿನಲ್ಲಿ ಎಳೆದ ಆರ್ಮೇಚರ್ (ಕಾಯಿಲು ಎಳೆಯುವ ಕಬ್ಬಿಣದ ತುಂಡು) ನಿಧಾನವಾಗಿ ಚಲಿಸುತ್ತದೆ ಮತ್ತು ಕಾಂಟ್ಯಾಕ್ಟನ್ನು ಬೇಕಾದಷ್ಟು ಒತ್ತುವುದಿಲ್ಲ. ಆದ್ದರಿಂದ ಪುಟಿತವೂ ಬಿಸಿಯೂ ಹೆಚ್ಚುತ್ತವೆ. ಹೀಗೆ ನಿಮ್ಮ ಮೊದಲ ಎರಡು ತೊಂದರೆಗಳು ಒಂದೇ ಬೇರಿನಿಂದ ಅಷ್ಟಿಷ್ಟು ನೀರು ಕುಡಿದಿವೆ.

ಮೋಟಾರು ಮಾತ್ರವಲ್ಲ, ಹಳೆಯ ತಂತಿಯ ಬಲ್ಬು ತಣ್ಣಗಿರುವಾಗ ಹತ್ತರಿಂದ ಹದಿನೈದು ಪಟ್ಟು ಎಳೆಯುತ್ತದೆ. ಎಲ್‌ಇಡಿ ದೀಪಗಳ ಒಳಗಿನ ಕೆಪಾಸಿಟರ್ ಕ್ಷಣಮಾತ್ರ ಇನ್ನೂ ಹೆಚ್ಚು ಎಳೆಯುವುದರಿಂದ, ‘ಬರೀ ಎಲ್‌ಇಡಿ ತಾನೆ’ ಎಂದು ಇಪ್ಪತ್ತು ದೀಪಗಳನ್ನು ಒಂದೇ ಸಣ್ಣ ರಿಲೇಗೆ ಕಟ್ಟಿದವರೂ ನಿಮ್ಮಂತೆಯೇ ಬರುತ್ತಾರೆ. ಕೆಲವು ಡೇಟಾಶೀಟುಗಳಲ್ಲಿ ಎಚ್‌ಪಿಯಲ್ಲಿ ಹೇಳಿದ ಮೋಟಾರ್ ಮಿತಿ, ಅಥವಾ ಟಿವಿ-5 ಎಂಬಂಥ ಗುರುತು ಇರುತ್ತದೆ. 5 ಆಂಪಿಯರ್ ಓಡುವ ಲೋಡಿನಲ್ಲಿ ಮುಚ್ಚುವ ಕ್ಷಣದ 78 ಆಂಪಿಯರನ್ನು ತಾಳಬಲ್ಲದು ಎಂಬುದು ಆ ಗುರುತಿನ ಅರ್ಥ. ಕಾಂಟ್ಯಾಕ್ಟಿನ ಲೋಹವನ್ನೂ ನೋಡಬೇಕು. ಬೆಳ್ಳಿ ನಿಕ್ಕಲ್ ಮಿಶ್ರಣ ಸಾಧಾರಣ ಲೋಡುಗಳಿಗೆ ಸಾಕು. ಹೊರಡುವ ಪ್ರವಾಹ ದೊಡ್ಡದಿರುವಲ್ಲಿ ಬೆಳ್ಳಿ ಮತ್ತು ಟಿನ್ ಆಕ್ಸೈಡಿನ ಕಾಂಟ್ಯಾಕ್ಟ್ ಬೆಸುಗೆಯನ್ನು ಹೆಚ್ಚು ತಡೆಯುತ್ತದೆ.

ಡಿಸಿಯ ಸಾಲನ್ನೂ ಗಮನಿಸಿ: ಎಸಿಯಲ್ಲಿ 250 ವೋಲ್ಟ್, ಡಿಸಿಯಲ್ಲಿ 30 ಮಾತ್ರ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ತೆರೆಯುವಾಗಿನ ಕಿಡಿ ತಾನಾಗಿಯೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವು ಇಲ್ಲ. ನೂರು ವೋಲ್ಟ್ ಡಿಸಿಯಲ್ಲಿ ಇದೇ ರಿಲೇ ಒಂದು ಆಂಪಿಯರನ್ನೂ ನೆಚ್ಚಿಕೆಯಿಂದ ಕಡಿಯಲಾರದು. ಸೌರ ಫಲಕಗಳ ಸಾಲನ್ನು ಇಂಥ ರಿಲೇಯಿಂದ ಕಡಿಯಲು ಹೊರಡುವವರು ಇದನ್ನು ಮೊದಲು ಓದಿಕೊಳ್ಳಲಿ.

ನಿಮ್ಮ ಪಂಪಿಗೆ ನನ್ನ ಸಲಹೆ ಇದು. ಸಣ್ಣ ರಿಲೇ ಪಂಪನ್ನು ಮುಟ್ಟುವುದೇ ಬೇಡ. ಅದು ಒಂದು ಕಾಂಟ್ಯಾಕ್ಟರಿನ (ಮೋಟಾರಿನಂಥ ಲೋಡಿಗೆಂದೇ ಮಾಡಿದ ದೊಡ್ಡ ರಿಲೇಯ) ಕಾಯಿಲನ್ನು ನಡೆಸಲಿ, ಕಾಂಟ್ಯಾಕ್ಟರ್ ಪಂಪನ್ನು ನಡೆಸಲಿ. ಕಾಂಟ್ಯಾಕ್ಟರನ್ನು ಆರಿಸುವಾಗ ಹೀಟರಿನಂಥ ಲೋಡಿಗಾಗಿ ಇರುವ ಎಸಿ-1 ಎಂಬ ಸಾಲನ್ನಲ್ಲ, ಮೋಟಾರುಗಳಿಗಾಗಿ ಇರುವ ಎಸಿ-3 ಎಂಬ ಸಾಲನ್ನು ಓದಿ. 9 ಆಂಪಿಯರಿನ ಚಿಕ್ಕ ಕಾಂಟ್ಯಾಕ್ಟರಿನ ಕಾಯಿಲು ಎಳೆಯುವ ಕ್ಷಣದಲ್ಲೂ ಅರ್ಧ ಆಂಪಿಯರ್ ಕೇಳುವುದಿಲ್ಲ. ನಿಮ್ಮ ನೀಲಿ ರಿಲೇ ಅದನ್ನು ವರ್ಷಗಟ್ಟಲೆ ನಡೆಸೀತು.

ಮೂರನೆಯ ತೊಂದರೆಗೆ ಕಾರಣ ತೆರೆಯುವ ಕ್ಷಣದ ಕಿಡಿ. ಮೋಟಾರಿನ ಸುತ್ತುಗಳಲ್ಲಿ ತುಂಬಿದ್ದ ಶಕ್ತಿ ಹೋಗಲು ದಾರಿಯಿಲ್ಲದೆ ಸಂದಿನಲ್ಲಿ ಸಾವಿರಾರು ಸಣ್ಣ ಕಿಡಿಗಳಾಗಿ ಸಿಡಿಯುತ್ತದೆ. ಪ್ರತಿ ಕಿಡಿಯೂ ಒಂದು ರೇಡಿಯೋ ಕೇಂದ್ರ ಇದ್ದಂತೆ. ಹತ್ತಿರದಲ್ಲೇ ಹಾದುಹೋದ ಸೆನ್ಸರ್ ತಂತಿಗಳು ಅದನ್ನು ಹಿಡಿದು ಮೈಕ್ರೋಕಂಟ್ರೋಲರಿಗೆ ತಲುಪಿಸುತ್ತವೆ. ಕಾಂಟ್ಯಾಕ್ಟರ್ ಬಂದ ಮೇಲೆ ಅದರ ಕಾಯಿಲೂ ಇಂಥದೇ ಲೋಡ್ ಆದ್ದರಿಂದ, ಕಾಯಿಲಿನ ಎ1 ಮತ್ತು ಎ2 ತುದಿಗಳಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 100 ಓಮ್ ರೆಸಿಸ್ಟರನ್ನು ಸಾಲಾಗಿ ಜೋಡಿಸಿ ಹಾಕಿ. ಕೆಪಾಸಿಟರ್ ಮೇನ್ಸಿಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ ಎಕ್ಸ್2 ವರ್ಗದ್ದೇ ಆಗಿರಬೇಕು.

ಇದೇ ಜೋಡಿಯನ್ನು ಲೋಡಿನ ಬದಲು ಕಾಂಟ್ಯಾಕ್ಟಿಗೆ ಅಡ್ಡಲಾಗಿ ಹಾಕುವವರೂ ಇದ್ದಾರೆ. ಹಾಗೆ ಹಾಕಿದರೆ ಎರಡು ಮಾತು ನೆನಪಿರಲಿ. ರೆಸಿಸ್ಟರ್ ಇಲ್ಲದೆ ಬರೀ ಕೆಪಾಸಿಟರ್ ಹಾಕಿದರೆ, ಮುಚ್ಚಿದಾಗ ಅದು ತನ್ನೊಳಗಿನದನ್ನೆಲ್ಲ ಒಮ್ಮೆಗೇ ಸುರಿದು ಕಾಂಟ್ಯಾಕ್ಟನ್ನು ಬೆಸೆಯುತ್ತದೆ. ಎರಡನೆಯದಾಗಿ, 230 ವೋಲ್ಟ್ 50 ಹರ್ಟ್ಸಿನಲ್ಲಿ ಆ ಕೆಪಾಸಿಟರಿನ ಮೂಲಕ 7 ಮಿಲಿಆಂಪಿಯರಿನಷ್ಟು, ಕಾಂಟ್ಯಾಕ್ಟ್ ತೆರೆದಿರುವಾಗಲೆಲ್ಲ, ಹರಿಯುತ್ತಿರುತ್ತದೆ. ಆರಿಸಿದ ಮೇಲೂ ಸಣ್ಣ ಎಲ್‌ಇಡಿ ದೀಪ ಮಿಣುಕುವುದು ಇದರಿಂದಲೇ, ಮತ್ತು ರಿಲೇ ತೆರೆದಿದ್ದರೂ ಲೋಡಿನ ತಂತಿ ಮುಟ್ಟಿದರೆ ಶಾಕ್ ಹೊಡೆಯುವುದೂ ಇದರಿಂದಲೇ. ಪಂಪಿನ ಕೆಲಸಕ್ಕೆ ಕೈಹಾಕುವ ಮುನ್ನ ಮೇನ್ ಸ್ವಿಚ್ಚನ್ನೇ ಇಳಿಸಿ. ರಿಲೇ ಆರಿದೆ ಎಂಬುದನ್ನು ನೆಚ್ಚಿಕೊಂಡು ಯಾರೂ ತಂತಿ ಮುಟ್ಟಬಾರದು.

ಇನ್ನು ಡಯೋಡ್. ಬರೀ ಡಯೋಡ್ ಇದ್ದರೆ ಕಾಯಿಲಿನ ಪ್ರವಾಹ ಅದರೊಳಗೇ ಸುತ್ತುತ್ತಾ ನಿಧಾನವಾಗಿ ಕರಗುತ್ತದೆ. ಹೆಸರಿಸಿದ ವೋಲ್ಟೇಜಿನ ಶೇಕಡಾ 10ರವರೆಗೂ ಇಳಿಯದೆ ಬಿಡುವುದಿಲ್ಲ ಎನ್ನುವ ರಿಲೇಗಳಿರುವಾಗ, ಬಿಡುವ ಸಮಯ ಕೆಲವು ಪಟ್ಟು ಹೆಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕಾಂಟ್ಯಾಕ್ಟುಗಳು ತಟ್ಟನೆ ಬೇರಾಗದೆ ಅಳುಕುತ್ತಾ ಬೇರಾಗಿ, ಕಿಡಿ ಹೆಚ್ಚು ಹೊತ್ತು ಉಳಿಯುತ್ತದೆ. ಡಯೋಡಿನ ಜೊತೆ ಸಾಲಾಗಿ, ಎದುರು ದಿಕ್ಕಿನಲ್ಲಿ, 24 ವೋಲ್ಟಿನ ಝೀನರ್ ಡಯೋಡ್ ಒಂದನ್ನು ಸೇರಿಸಿದರೆ ಪ್ರವಾಹ ಬೇಗ ಸಾಯುತ್ತದೆ. ಆಗ ಕಲೆಕ್ಟರಿನ ಮೇಲೆ ಕ್ಷಣಕಾಲ ಬೀಳುವುದು 5, 24 ಮತ್ತು 0.7 ಸೇರಿ ಸುಮಾರು 30 ವೋಲ್ಟ್. ಬಿಸಿ337 ತಾಳುವುದು 45 ವೋಲ್ಟ್, ಆದ್ದರಿಂದ ಅಪಾಯವಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಇಂದು ಅಳತೆ ಮಾಡಿ ನೋಡಿದೆ. ರಿಲೇ ಎಳೆದಿರುವಾಗ ಕಾಯಿಲಿನ ಮೇಲೆ 3.92 ವೋಲ್ಟ್, ಟ್ರಾನ್ಸಿಸ್ಟರಿನ ಮೇಲೆ 1.01 ವೋಲ್ಟ್ ಇತ್ತು. ಲೆಕ್ಕ ಹಾಕಿ ಹೇಳಿದ್ದಕ್ಕೆ ಇಷ್ಟು ಹತ್ತಿರ ಬಂದದ್ದನ್ನು ಕಂಡು ಆಶ್ಚರ್ಯವೂ ಸಂತೋಷವೂ ಆಯಿತು.

ಎರಡು ಸಂದೇಹಗಳು ಉಳಿದಿವೆ. ಅಂಟಿಕೊಂಡಿದ್ದ ರಿಲೇಯನ್ನು ಕಿತ್ತ ಮೇಲೆ ಮಲ್ಟಿಮೀಟರಿನಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ: ಕಾಯಿಲಿಗೆ 5 ವೋಲ್ಟ್ ಕೊಟ್ಟರೆ ಬೀಪ್ ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಕೆಟ್ಟಿರುವುದನ್ನು ಗುರುತಿಸುವುದು ಹೇಗೆ? ಇನ್ನೊಂದು, ಸಾಲಿಡ್ ಸ್ಟೇಟ್ ರಿಲೇಯಲ್ಲಿ ಕಾಂಟ್ಯಾಕ್ಟೇ ಇಲ್ಲವಾದ್ದರಿಂದ ಅಂಟಿಕೊಳ್ಳುವ ಭಯವೂ ಇಲ್ಲವಲ್ಲವೇ?

ಉತ್ತರ 2 ಬರೆದವರು

ಬೀಪ್ ಪರೀಕ್ಷೆಯಲ್ಲಿ ಮೀಟರು ಒಂದೆರಡು ಮಿಲಿಆಂಪಿಯರ್ ಮಾತ್ರ ಹರಿಸುತ್ತದೆ. ಅಷ್ಟರಿಂದ ಏನೂ ತಿಳಿಯುವುದಿಲ್ಲ. ಮೇನ್ಸಿನಿಂದ ದೂರ, ಮೇಜಿನ ಮೇಲೆ, 12 ವೋಲ್ಟಿನ ಪವರ್ ಸಪ್ಲೈ ಮತ್ತು ಸೂಕ್ತ ರೆಸಿಸ್ಟರಿನಿಂದ ಕಾಂಟ್ಯಾಕ್ಟಿನ ಮೂಲಕ ಒಂದು ಆಂಪಿಯರ್ ಹರಿಸಿ, ಅದರ ಎರಡು ಪಿನ್ನುಗಳ ನಡುವಿನ ಮಿಲಿವೋಲ್ಟನ್ನು ಅಳೆಯಿರಿ. ಹೊಸ ರಿಲೇಗೆ ತಯಾರಕರು ಹಾಕುವ ಮಿತಿ ಸಾಮಾನ್ಯವಾಗಿ 100 ಮಿಲಿಓಮ್, ಅಂದರೆ ಒಂದು ಆಂಪಿಯರಿಗೆ 100 ಮಿಲಿವೋಲ್ಟ್. ಒಳ್ಳೆಯ ಕಾಂಟ್ಯಾಕ್ಟ್ ಇದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಹತ್ತು ಸಲ ಎಳೆದು ಬಿಟ್ಟು ಹತ್ತು ಅಳತೆ ಬರೆದುಕೊಳ್ಳಿ. ಸಂಖ್ಯೆ ದೊಡ್ಡದಿರುವುದಕ್ಕಿಂತ, ಪ್ರತಿ ಸಲವೂ ಬೇರೆಬೇರೆ ಬರುವುದೇ ಹಾಳಾದ ಕಾಂಟ್ಯಾಕ್ಟಿನ ಲಕ್ಷಣ.

ಆಮೇಲೆ ಅದನ್ನು ಎಸೆಯಬೇಡಿ. ಬುಡದ ಅಂಚಿನಲ್ಲಿ ಬ್ಲೇಡ್ ಆಡಿಸಿ ಮೇಲಿನ ಹೊದಿಕೆ ತೆಗೆದು ನೋಡಿ; ನಾನು ಎಷ್ಟು ಬರೆದರೂ ಆ ಗುಂಡಿಗಳು ಹೇಳುವಷ್ಟು ಹೇಳಲಾರೆ.

ಸಾಲಿಡ್ ಸ್ಟೇಟ್ ರಿಲೇ ನಿಮ್ಮ ಭಯವನ್ನು ಕಳೆಯುವುದಿಲ್ಲ. ಅದು ಕೆಟ್ಟಾಗ ಬಹುಪಾಲು ಶಾರ್ಟ್ ಆಗಿಯೇ ಕೆಡುತ್ತದೆ. ಪಂಪಿನ ಪಾಲಿಗೆ ಅದು ಅಂಟಿಕೊಂಡಂತೆಯೇ. ಓಡುವಾಗ ಒಂದರಿಂದ ಒಂದೂವರೆ ವೋಲ್ಟನ್ನು ತಾನಿಟ್ಟುಕೊಳ್ಳುವುದರಿಂದ 3.5 ಆಂಪಿಯರಿಗೆ 4 ಅಥವಾ 5 ವ್ಯಾಟ್ ಬಿಸಿಯಾಗುತ್ತದೆ, ಅದನ್ನು ಹೊರಹಾಕಲು ಹೀಟ್‌ಸಿಂಕ್ ಬೇಕು. ನಿಮಿಷಕ್ಕೆ ಹಲವು ಸಲ ಆಡುವ ಓವನ್ನಿನ ಹೀಟರಿಗೆ ಅದು ಸರಿಯಾದ ಆಯ್ಕೆ. ದಿನಕ್ಕೆ ನಾಲ್ಕು ಸಲ ಓಡುವ ಪಂಪಿಗಲ್ಲ.

ಉತ್ತರ 3

ಬಿಡಿ ರಿಲೇಯ ಬದಲು ಸಿದ್ಧ ರಿಲೇ ಮಾಡ್ಯೂಲ್ ಬಳಸುವವರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗಾಗಿ ಎರಡು ಮಾತು ಸೇರಿಸುತ್ತೇನೆ. ಹೆಚ್ಚಿನ ಮಾಡ್ಯೂಲುಗಳಲ್ಲಿ ಪಿನ್ ಸೊನ್ನೆಗೆ ಇಳಿದಾಗ ರಿಲೇ ಎಳೆಯುತ್ತದೆ. ಆದ್ದರಿಂದ ಪ್ರೋಗ್ರಾಮಿನಲ್ಲಿ ಮೊದಲು ಪಿನ್ನಿಗೆ ಒಂದು ಎಂದು ಬರೆದು, ಆಮೇಲೆ ಅದನ್ನು ಔಟ್‌ಪುಟ್ ಮಾಡಬೇಕು. ಕ್ರಮ ತಪ್ಪಿದರೆ ಪ್ರತಿ ಸಲ ಕರೆಂಟ್ ಬಂದಾಗಲೂ ಪಂಪ್ ಒಮ್ಮೆ ಜರ್ಕ್ ಹೊಡೆಯುತ್ತದೆ. ಪಿಎನ್‌ಪಿ ಟ್ರಾನ್ಸಿಸ್ಟರನ್ನು ನೇರವಾಗಿ ನಡೆಸುವ 5 ವೋಲ್ಟಿನ ಮಾಡ್ಯೂಲುಗಳಿಗೆ 3.3 ವೋಲ್ಟಿನ ಪಿನ್ ಒಗ್ಗುವುದಿಲ್ಲ: ಪಿನ್ ಮೇಲಿದ್ದರೂ 1.7 ವೋಲ್ಟಿನ ಅಂತರ ಉಳಿಯುವುದರಿಂದ ಟ್ರಾನ್ಸಿಸ್ಟರ್ ಆರುವುದೇ ಇಲ್ಲ.

ಎರಡು ಕಡೆಗಳನ್ನು ಬೆಳಕಿನಿಂದ ಮಾತ್ರ ಜೋಡಿಸಿ ವಿದ್ಯುತ್ತನ್ನು ಬೇರೆಯಾಗಿಡುವ ಆಪ್ಟೋಕಪ್ಲರ್ ಇದೆಯೆಂದು ನಂಬಿಕೊಂಡಿರುವವರು ಜೆಡಿ-ವಿಸಿಸಿ ಎಂಬಲ್ಲಿರುವ ಜಂಪರನ್ನು ನೋಡಲಿ. ಅದು ಹಾಗೆಯೇ ಇದ್ದು, ಎರಡೂ ಕಡೆಗೆ ಒಂದೇ 5 ವೋಲ್ಟ್ ಮತ್ತು ಒಂದೇ ಗ್ರೌಂಡ್ ಹೋಗುತ್ತಿದ್ದರೆ ಆಪ್ಟೋಕಪ್ಲರ್ ಇದ್ದೂ ಇಲ್ಲದಂತೆ. ಪಿಸಿಬಿಯನ್ನು ತಿರುಗಿಸಿಯೂ ನೋಡಿ. ಕಾಂಟ್ಯಾಕ್ಟಿನ ಪಿನ್ನುಗಳಿಗೂ ಕಾಯಿಲಿನ ಪಿನ್ನುಗಳಿಗೂ ನಡುವೆ ಬೋರ್ಡಿನಲ್ಲಿ ಸೀಳಿದ ಸಂದು ಇದ್ದರೆ, ಮಾಡಿದವರು ಮೇನ್ಸ್ ಬಗ್ಗೆ ಯೋಚಿಸಿದ್ದಾರೆ ಎಂದರ್ಥ. ಕೆಲವು ಬೋರ್ಡುಗಳಲ್ಲಿ ಟರ್ಮಿನಲ್ಲಿಗೆ ಹೋಗುವ ತಾಮ್ರದ ಪಟ್ಟಿ ಎರಡು ಮಿಲಿಮೀಟರ್ ಅಗಲವೂ ಇರುವುದಿಲ್ಲ. ಅಲ್ಲಿ ರಿಲೇ 10 ಆಂಪಿಯರ್ ತಾಳಿದರೂ ಬೋರ್ಡ್ ತಾಳುವುದಿಲ್ಲ.

ಇನ್ನೊಬ್ಬ ಓದುಗರು

ಇದೇ ನೀಲಿ ರಿಲೇಯಿಂದ ನಾನು ಎರಡು ಉಷ್ಣತಾ ಸೆನ್ಸರುಗಳನ್ನು ಅದಲುಬದಲು ಮಾಡುತ್ತಿದ್ದೇನೆ. ಇಲ್ಲಿ ಹರಿಯುವುದು ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಕಿಡಿಯ ಮಾತೇ ಇಲ್ಲ; ಆದರೂ ಕೆಲವು ತಿಂಗಳ ಬಳಿಕ ಓದಿಕೆ ಜಿಗಿಯತೊಡಗಿದೆ. ಇದಕ್ಕೂ ಕಾಂಟ್ಯಾಕ್ಟೇ ಕಾರಣವೇ?

ಉತ್ತರ 1 ಬರೆದವರು

ಹೌದು, ಆದರೆ ತದ್ವಿರುದ್ಧ ಕಾರಣಕ್ಕೆ. ಬೆಳ್ಳಿಯ ಮೇಲೆ ಗಾಳಿಯಲ್ಲಿನ ಗಂಧಕದಿಂದ ತೆಳುವಾದ ಕಪ್ಪು ಪೊರೆ ಕಟ್ಟುತ್ತದೆ. ದೊಡ್ಡ ಲೋಡಿನಲ್ಲಿ ಆ ಪೊರೆಯನ್ನು ಕಿಡಿಯೇ ಸುಟ್ಟು ತೆಗೆಯುತ್ತದೆ, ನಿಮ್ಮಲ್ಲಿ ಸುಡುವವರಿಲ್ಲ. ಆದ್ದರಿಂದಲೇ ಡೇಟಾಶೀಟುಗಳಲ್ಲಿ ಗರಿಷ್ಠ ಲೋಡಿನ ಜೊತೆ ಕನಿಷ್ಠ ಲೋಡ್ ಎಂಬ ಸಾಲೂ ಇರುತ್ತದೆ. ಪವರ್ ರಿಲೇಗಳಿಗೆ ಅದು 5 ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಎಂಬಂತೆ ಇರುವುದುಂಟು. ನಿಮಗೆ ಬೇಕಾದದ್ದು ಚಿನ್ನದ ಲೇಪವಿರುವ ಸಿಗ್ನಲ್ ರಿಲೇ. ಆ ಬಗೆಯ ರಿಲೇಯಿಂದ ಒಮ್ಮೆಯಾದರೂ ದೊಡ್ಡ ಲೋಡನ್ನು ನಡೆಸಿದ್ದರೆ ಚಿನ್ನ ಸುಟ್ಟುಹೋಗಿರುತ್ತದೆ. ಮತ್ತೆ ಅದನ್ನು ಸಿಗ್ನಲ್ಲಿಗೆ ಬಳಸಬಾರದು.

ಪ್ರಶ್ನೆ ಕೇಳಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬಿಸಿ337 ಮತ್ತು 680 ಓಮ್ ಹಾಕಿದ ಮೇಲೆ ಕಾಯಿಲಿನ ಮೇಲೆ 4.83 ವೋಲ್ಟ್ ಸಿಗುತ್ತಿದೆ. ಕಡು ಬಿಸಿಲಿನಲ್ಲೂ ಒಮ್ಮೆಯೂ ತಪ್ಪಿಲ್ಲ. ಹೊಸ ರಿಲೇ ಈಗ ಕಾಂಟ್ಯಾಕ್ಟರನ್ನು ಮಾತ್ರ ನಡೆಸುತ್ತಿದೆ. ಎ1 ಮತ್ತು ಎ2ರ ನಡುವೆ ಕೆಪಾಸಿಟರ್ ಜೋಡಿ ಹಾಕುವ ಮುನ್ನ ಮರುಪ್ರಾರಂಭದ ತೊಂದರೆ ಎರಡು ಸಲ ಬಂದಿತ್ತು. ಹಾಕಿದ ಮೇಲೆ ಬಂದಿಲ್ಲ. ಸೆನ್ಸರ್ ತಂತಿಗಳನ್ನೂ ಪಂಪಿನ ತಂತಿಯಿಂದ ಬೇರ್ಪಡಿಸಿ ಇನ್ನೊಂದು ಕೊಳವೆಯಲ್ಲಿ ಎಳೆದಿದ್ದೇನೆ.

ಹಳೆಯ ರಿಲೇಯ ಅಳತೆಗಳು ಹೀಗಿದ್ದವು: ಒಂದು ಆಂಪಿಯರಿಗೆ 38, 210, 64, 455 ಮಿಲಿವೋಲ್ಟ್, ಐದನೆಯ ಸಲ ಅದು ಬಿಡಲೇ ಇಲ್ಲ. ಹೊದಿಕೆಯನ್ನು ಕೊಯ್ದು ತೆಗೆದಾಗ ಒಳಗೋಡೆಗೆ ಹೊಗೆಯ ಮಸಿ ಹಿಡಿದಿತ್ತು. ಸ್ಪ್ರಿಂಗಿನ ತುದಿಯ ಗುಂಡಿಯಲ್ಲಿ ಸಾಸಿವೆಯಷ್ಟು ಗುಳಿ, ಎದುರಿನ ಗುಂಡಿಯ ಮೇಲೆ ಅದೇ ಆಕಾರದ ಒಂದು ಗುಬುಟು. ಬೆರಳಿನಿಂದ ಆರ್ಮೇಚರನ್ನು ಒತ್ತಿದರೆ ಗುಬುಟು ಗುಳಿಯೊಳಗೆ ಕೀಲಿನಂತೆ ಕೂರುತ್ತಿತ್ತು, ಬಿಡಿಸಲು ಉಗುರು ಬೇಕಾಯಿತು. ನಾರ್ಮಲಿ ಕ್ಲೋಸ್ಡ್ (ರಿಲೇ ಎಳೆಯದಿರುವಾಗ ಮುಚ್ಚಿರುವ) ಕಡೆಯ ಗುಂಡಿ ಮಾತ್ರ ಕಾರ್ಖಾನೆಯಿಂದ ಬಂದಂತೆಯೇ ಹೊಳೆಯುತ್ತಿತ್ತು; ಅದಕ್ಕೆ ನಾನು ಯಾವ ಲೋಡನ್ನೂ ಕೊಟ್ಟಿರಲಿಲ್ಲ.

ಉತ್ತರ 2 ಬರೆದವರು

ನೀವು ಕಂಡ ಗುಳಿ ಮತ್ತು ಗುಬುಟು ಒಂದೇ ಬೆಳ್ಳಿಯವು. ಇಲ್ಲಿಂದ ಕರಗಿದ್ದು ಅಲ್ಲಿ ಹೋಗಿ ಕೂತಿದೆ. ಒಂದು ಕೆಲಸ ಮಾತ್ರ ಉಳಿದಿದೆ. ಕಾಂಟ್ಯಾಕ್ಟರೂ ಕಾಂಟ್ಯಾಕ್ಟೇ, ಎಂದಾದರೂ ಅಂಟಿಕೊಳ್ಳಬಹುದು. ಅದರಲ್ಲಿರುವ ಸಹಾಯಕ ಕಾಂಟ್ಯಾಕ್ಟಿನ (ಮುಖ್ಯ ಕಾಂಟ್ಯಾಕ್ಟಿನ ಜೊತೆಗೇ ಮುಚ್ಚಿ ತೆರೆಯುವ ಸಣ್ಣ ಸ್ವಿಚ್ಚಿನ) ಮೂಲಕ ಬರುವ 5 ವೋಲ್ಟನ್ನು 3.3 ವೋಲ್ಟಿಗೆ ಇಳಿಸಿ ಮೈಕ್ರೋಕಂಟ್ರೋಲರಿನ ಇನ್ನೊಂದು ಪಿನ್ನಿಗೆ ಕೊಡಿ. ನಿಲ್ಲಿಸೆಂದು ಹೇಳಿ ಒಂದು ಸೆಕೆಂಡಿನ ಬಳಿಕವೂ ಅದು ಮುಚ್ಚಿಯೇ ಇದ್ದರೆ ಬಜರ್ ಕೂಗುವಂತೆ ಪ್ರೋಗ್ರಾಮಿನಲ್ಲಿ ಎರಡು ಸಾಲು ಸೇರಿಸಿ.